ಫಿಯುನ ಪಾಲು

ಜುನೀಟಾಳ ಕೈಯಲ್ಲಿದ್ದ ಪಾತ್ರೆಯನ್ನು ಮೊಸಳೆ ಕಚ್ಚಿಕೊಂಡು ಹೋದದ್ದು ಭಾನುವಾರ, ಪ್ರಾರ್ಥನೆ ಮುಗಿದು ಊರೆಲ್ಲ ಉಂಡು ಮಲಗಿದ್ದ ಹೊತ್ತಿನಲ್ಲಿ. ಅಲ್ಯುಮಿನಿಯಂ ಪಾತ್ರೆ, ತಳ ಸೊಟ್ಟಗಾದದ್ದು, ಹೋದರೆ ಹೋಗಲಿ ಎನ್ನುವಂಥದ್ದು. ಆದರೆ ಮೊಸಳೆಯ ಹಲ್ಲಿಗೂ ಹುಡುಗಿಯ ಬೆರಳಿಗೂ ನಡುವೆ ಒಂದು ಗೇಣೂ ಜಾಗ ಇರಲಿಲ್ಲ. ಹುಡುಗಿ ಅಳಲಿಲ್ಲ. ಮನೆಗೆ ಓಡಿಬಂದು, "ಅವ್ವಾ, ಪಾತ್ರೆ ಹೋಯ್ತು. ನಾನು ಕಳೆದಿದ್ದಲ್ಲ" ಎಂದಳು. ಅವಳಿಗೆ ಮೊಸಳೆಗಿಂತ ಅವ್ವನ ಬೈಗುಳದ ಭಯ ಹೆಚ್ಚು.

ಅವ್ವ ಹಿಲ್ಡಾ ಬೈಯಲಿಲ್ಲ. ಹುಡುಗಿಯ ಹತ್ತೂ ಬೆರಳು ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ ನೇರ ಪಕ್ಕದ ಮನೆಗೆ ನಡೆದು, ಗರಿಯ ಗೋಡೆಗೆ ಒರಗಿ ಚಾಪೆ ಹೆಣೆಯುತ್ತಿದ್ದ ರುಬಿನಾಳ ಮುಂದೆ ನಿಂತಳು.

"ಅತ್ತಿಗೆ, ನಿನ್ನ ಮೋಟುಬಾಲ ಬಂದಿತ್ತು. ನನ್ನ ಮಗಳ ಕೈಗೆ ಬಾಯಿ ಹಾಕಿತ್ತು."

"ನನ್ನದಾ? ನಾನೇನು ಅದನ್ನ ಹೆತ್ತಿದ್ದೀನಾ?"

"ಅವತ್ತು ಕೊಲ್ಲಬೇಡಿ ಅಂತ ಅಡ್ಡ ನಿಂತವಳು ನೀನಲ್ವಾ? ಈ ಸಲ ನಿಲ್ಲಬೇಡ. ನಿಂತರೆ ನಾನು ಸುಮ್ಮನಿರಲ್ಲ, ಹೇಳಿದ್ದೀನಿ."

ಹೇಳಿ ಹೊರಟೇಹೋದಳು. ಹಿಲ್ಡಾ ರುಬಿನಾಳ ಗಂಡನ ತಂಗಿ. ಅಣ್ಣ ಸತ್ತ ಮೇಲೆ ಅತ್ತಿಗೆಯ ಜೊತೆ ಜಗಳವಾಡದ ದಿನವಿಲ್ಲ, ಅವಳಿಗೆ ಒಂದು ಹಿಡಿ ಸೊಪ್ಪು ಕೊಡದೆ ಉಂಡ ದಿನವೂ ಇಲ್ಲ. ಆ ದಿನ ಸೊಪ್ಪು ಬರಲಿಲ್ಲ.

ಸುವೇರಿ ಊರು ಇರುವುದು ಹೊಳೆ ಕಡಲನ್ನು ಸೇರುವ ಕಡೆ. ಈ ದಡದಲ್ಲಿ ಮನೆಗಳು, ಆ ದಡದಲ್ಲಿ ಉಪ್ಪುನೀರಿನ ಕೆಸರಲ್ಲಿ ಬೆಳೆದ ಕಾಂಡ್ಲಾ ಕಾಡು, ನಡುವೆ ಕಂದು ನೀರು. ಮೂರು ವರ್ಷದ ಹಿಂದೆ ರುಬಿನಾಳ ಗಂಡ ಫಿಯು ಏಡಿ ಹಿಡಿಯಲು ಆ ಕಾಡಿನೊಳಗೆ ದೋಣಿ ಬಿಟ್ಟುಕೊಂಡು ಹೋದವನು ತಿರುಗಿ ಬರಲಿಲ್ಲ. ದೋಣಿ ಸಿಕ್ಕಿತು, ಹುಟ್ಟು ಸಿಕ್ಕಿತು, ಏಡಿಯ ಬುಟ್ಟಿ ಸಿಕ್ಕಿತು. ಕೆಸರಿನ ಮೇಲೆ ತುದಿ ತುಂಡಾದ ಬಾಲ ಎಳೆದುಹೋದ ಗುರುತು ಸಿಕ್ಕಿತು. ಫಿಯು ಮಾತ್ರ ಒಂದು ಮೂಳೆಯಷ್ಟೂ ಸಿಗಲಿಲ್ಲ.

ಗಂಡಸರು ಈಟಿ, ಕೊಕ್ಕೆ, ಹಗ್ಗ ಹಿಡಿದು ಹೊರಟರು. ಊರಲ್ಲಿದ್ದ ಬಂದೂಕುಗಳನ್ನೆಲ್ಲ ಹಿಂದೆ ನಾಡಿನಲ್ಲಿ ನಡೆದ ಗಲಾಟೆ ಮುಗಿದ ವರ್ಷವೇ ಸರ್ಕಾರಕ್ಕೆ ಒಪ್ಪಿಸಿಯಾಗಿತ್ತು. ರುಬಿನಾ ದೋಣಿಗಳ ಮುಂದೆ ಸೊಂಟದಷ್ಟು ನೀರಿನಲ್ಲಿ ನಿಂತಳು.

"ಅದರ ಹೊಟ್ಟೆ ಸೀಳಿ ನನಗೇನು ತೆಗೆದು ಕೊಡ್ತೀರಿ? ಕಾಲಾ? ಕೈಯಾ? ಯಾವುದನ್ನ ನನ್ನ ಮಡಿಲಿಗೆ ಹಾಕ್ತೀರಿ, ಹೇಳಿ ಹೋಗಿ. ಅವನು ಎಲ್ಲಿ ಸೇರಿದ್ದಾನೋ ಅಲ್ಲಿರಲಿ. ಇನ್ನೊಂದು ಸಲ ಅವನನ್ನ ಕೊಲ್ಲಬೇಡಿ."

ಯಾರೂ ಹೋಗಲಿಲ್ಲ. ಸತ್ತವನ ಹೆಂಡತಿಯ ಮಾತನ್ನು ದಾಟುವುದು ಸುವೇರಿಯಲ್ಲಿ ಇಲ್ಲ. ಆದರೆ ಬದುಕಿರುವವರು ನೀರಿಗೆ ಇಳಿಯಲೇಬೇಕಲ್ಲ. ಫಿಯುನ ಅಣ್ಣ ಸೆಲ್ವಿನ್ ಊರಿನವರನ್ನು ಕೂರಿಸಿ ಮಾತಾಡಿ ಮಾತಾಡಿ ಒಂದು ಕಟ್ಟಳೆ ಮಾಡಿದ. ಆ ದಡ ಮೊಸಳೆಯದು, ಈ ದಡ ನಮ್ಮದು. ಆ ಕಡೆ ಯಾರೂ ಮರ ಕಡಿಯಬಾರದು, ಬಲೆ ಬಿಡಬಾರದು. ಈ ಕಡೆ ಸ್ನಾನದ ಜಾಗಕ್ಕೆ ನೀರಿನೊಳಗೆ ಗೂಟದ ಬೇಲಿ. ಮೀನಿನ ಕರುಳು ನೀರಿಗೆ ಎಸೆಯಬಾರದು, ಗುಂಡಿ ತೋಡಿ ಹೂಳಬೇಕು. ಕಾಡಿನ ಅಂಚಿನುದ್ದಕ್ಕೂ ಎಳೆ ತೆಂಗಿನ ಗರಿ ಕಟ್ಟಿದ ಕೋಲುಗಳನ್ನು ನೆಟ್ಟರು. ಗರಿ ಕಟ್ಟಿದ ಜಾಗಕ್ಕೆ ಕೈ ಹಾಕಿದವನಿಗೆ ಒಂದು ಹಂದಿ ದಂಡ.

ಸುತ್ತಲ ಊರಿನವರು ನಕ್ಕಿದ್ದೇ ನಕ್ಕಿದ್ದು. "ಸುವೇರಿಯವರು ಮೊಸಳೆಗೆ ಜಮೀನು ಬರೆದುಕೊಟ್ಟರಂತೆ. ಮುಂದಿನ ವರ್ಷ ಹೆಣ್ಣೂ ಕೊಡ್ತಾರೆ" ಎಂದರು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕಾಡಿನೊಳಗೆ ಬೆಳೆದ ಮೀನು ಹೊಳೆಯ ಬಾಯಿಗೆ ಬಂದು ಬಲೆಗೆ ಬೀಳತೊಡಗಿತು. ತಾಯಿ ಏಡಿಗಳು ತಟ್ಟೆಯಗಲ ಆದವು. ಆಮೇಲೆ ನಕ್ಕವರೇ ಬಂದು, ಗೂಟ ಎಷ್ಟು ಆಳ ಹುಗಿದಿರಿ, ಯಾವ ಮರದ್ದು ಎಂದು ಕೇಳಿಕೊಂಡು ಹೋದರು. ಅಷ್ಟು ದಿನ ಮೊಸಳೆ ಒಬ್ಬರನ್ನೂ ಮುಟ್ಟಿರಲಿಲ್ಲ.

ಈಗ ಮುಟ್ಟಿದೆ. ಯಾಕೆ ಮುಟ್ಟಿತು ಎನ್ನುವುದು ರುಬಿನಾಳಿಗೆ ಅವತ್ತು ಹೊಳೆಯಲಿಲ್ಲ. ಹೊಳೆಯಬೇಕಿತ್ತು.

ಸುವೇರಿಯಲ್ಲಿ ಪ್ರತಿ ಮನೆಗೂ ನೀರಿನ ಅಂಚಿನಲ್ಲಿ ಒಂದು ಕಂಬ ಇದೆ. ಸಂಜೆ ಅಡುಗೆ ಆದ ಮೇಲೆ ಹೆಂಗಸರು ಕೋಲಿನಿಂದ ಅದನ್ನು ಬಡಿಯುತ್ತಾರೆ. ದೂರದಲ್ಲಿ ಗಾಳ ಹಾಕಿಕೊಂಡು ಕೂತ ಗಂಡಂದಿರು ದೋಣಿ ತಿರುಗಿಸುತ್ತಾರೆ. ಒಂದೊಂದು ಮನೆಯದು ಒಂದೊಂದು ಬಡಿತ. ಮದುವೆಯಾದ ವಾರದಲ್ಲೇ ಹೆಂಡತಿ ತನ್ನ ಬಡಿತ ಗೊತ್ತುಮಾಡಿಕೊಳ್ಳಬೇಕು, ಬೇರೆ ಮನೆಯ ಬಡಿತ ಕದ್ದರೆ ದೊಡ್ಡ ಜಗಳ. ರುಬಿನಾಳದು ಒಂದು ನಿಧಾನ, ಎರಡು ಬಿರುಸು. ಟೊಕ್. ಟೊಕ್ ಟೊಕ್. ಫಿಯು ಎಷ್ಟೇ ದೂರವಿರಲಿ, ಆ ಸದ್ದಿಗೆ ಹುಟ್ಟು ಎತ್ತಿ ತೋರಿಸುತ್ತಿದ್ದ.

ಅವನು ಹೋದ ಮೇಲೂ ಅವಳು ಬಡಿಯುವುದನ್ನು ಬಿಡಲಿಲ್ಲ.

ಸತ್ತವರಿಗೆ ಪಾಲು ಇಡುವುದು ಎಲ್ಲ ಮನೆಯಲ್ಲೂ ಉಂಟು. ಗೋರಿಯ ಕಲ್ಲಿನ ಮೇಲೆ ಒಂದು ತುಂಡು ಕೆಸುವಿನ ಗೆಡ್ಡೆ, ಒಂದು ಚೂರು ಮೀನು. ಕೋಳಿ ತಿನ್ನುತ್ತದೆ, ಅದು ಬೇರೆ ಮಾತು. ಉಪದೇಶಿ ವರ್ಷಕ್ಕೊಮ್ಮೆ ಇದು ತಪ್ಪು ಎಂದು ಚರ್ಚಿನಲ್ಲಿ ಗುಡುಗುತ್ತಾನೆ. ಅವನ ತಾಯಿಯ ಗೋರಿಯ ಮೇಲೂ ಗೆಡ್ಡೆ ಇರುತ್ತದೆ. ಆದರೆ ಫಿಯುಗೆ ಗೋರಿ ಎಲ್ಲಿದೆ? ಅವನು ಹೋದ ದಿಕ್ಕು ನೀರು, ಹಾಗಾಗಿ ರುಬಿನಾ ನೀರಿಗೇ ಪಾಲು ಹಾಕುತ್ತಿದ್ದಳು. ಕಂಬ ಬಡಿಯುವುದು, ಫಿಯು ಕೆತ್ತಿದ್ದ ಮರದ ಬಟ್ಟಲಿನಿಂದ ತೆಂಗಿನ ಹಾಲಿನಲ್ಲಿ ಬೇಯಿಸಿದ ಗೆಡ್ಡೆ ಜಾರಿಸುವುದು, ಅದರ ಮೇಲೆ ಮೀನಿನ ತಲೆ. ಫಿಯುಗೆ ತಲೆಯೆಂದರೆ ಪ್ರಾಣ.

ಮೊದಮೊದಲು ಸಣ್ಣ ಮೀನು ಮುತ್ತಿ ತಿನ್ನುತ್ತಿದ್ದವು. ಒಂದು ಸಂಜೆ ಕಂಬದಿಂದ ಸ್ವಲ್ಪ ಆಚೆ ನೀರಿನ ಮೇಲೆ ಎರಡು ಕಣ್ಣು ಎದ್ದವು. ಹಿಂದೆ ತುದಿಯಿಲ್ಲದ ಬಾಲ. ಅವಳು ಕೂಗಬೇಕಿತ್ತು. ಕೂಗಲಿಲ್ಲ. ದಡದ ಮೇಲೆ ಎರಡು ಹೆಜ್ಜೆ ಹಿಂದಕ್ಕೆ ಹೋಗಿ ಕೂತು, "ಬಂದೆಯಾ" ಎಂದಳು.

ರುಬಿನಾಳಿಗೆ ತಲೆ ಕೆಟ್ಟಿರಲಿಲ್ಲ. ಅದು ಮೃಗ, ತನ್ನ ಗಂಡನಲ್ಲ, ಎನ್ನುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಫಿಯು ಕೊನೆಗೆ ಹೊಕ್ಕ ಮನೆ ಅದು. ಆ ಮನೆಯೇ ದಿನಾ ಸಂಜೆ ತೇಲಿಬಂದು ಮೆಟ್ಟಿಲ ಬುಡದಲ್ಲಿ ನಿಂತರೆ ಯಾವ ಹೆಂಗಸು ಕಲ್ಲು ಬೀರುತ್ತಾಳೆ? ಅವಳು ಅದಕ್ಕೆ ಊರಿನ ಸುದ್ದಿ ಹೇಳುತ್ತಿದ್ದಳು. "ನಿನ್ನ ತಂಗಿ ಇವತ್ತು ನನ್ನ ಹೂಜಿ ಒಡೆದಳು. ಉಪ್ಪು ಕಮ್ಮಿ ಅಂತ ಮುಖ ಮಾಡಬೇಡ, ಅಂಗಡಿಯಲ್ಲಿ ಉಪ್ಪೇ ಇಲ್ಲ." ಮೊಸಳೆ ಬಾಯಿ ಮುಚ್ಚಿ ಮುಳುಗುತ್ತಿತ್ತು. ಅವಳು ಮನೆಗೆ ಹೋಗಿ ನೆಮ್ಮದಿಯಿಂದ ಉಣ್ಣುತ್ತಿದ್ದಳು.

ಸೋಮವಾರ ಬೆಳಗ್ಗೆ ಸೆಲ್ವಿನ್ ದೀವಿಹಲಸಿನ ಮರಕ್ಕೆ ಕಟ್ಟಿದ್ದ ಹಳೆಯ ಗ್ಯಾಸ್ ಸಿಲಿಂಡರನ್ನು ಬಡಿದ. ಊರು ಕೂಡಿತು. ರುಬಿನಾ ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಮುಂದೆ ಕೂತಳು.

"ಬೇಲಿಯ ಗೂಟ ನಾಲ್ಕು ಕಡೆ ಹುಳ ತಿಂದಿದೆ" ಎಂದು ಸೆಲ್ವಿನ್ ಶುರುಮಾಡಿದ.

"ಹುಡುಗಿ ಬೇಲಿಯ ಒಳಗಿರಲಿಲ್ಲ" ಎಂದಳು ಹಿಲ್ಡಾ. "ಅತ್ತಿಗೆಯ ಕಂಬದ ಹತ್ತಿರ ಇದ್ದಳು."

"ನಾಯಿಗಳನ್ನ ಕಟ್ಟಿ ಹಾಕ್ತಿಲ್ಲ. ನಾಯಿಯ ಆಸೆಗೆ ಬಂದಿರಬೇಕು" ಎಂದ ಇನ್ನೊಬ್ಬ.

ರುಬಿನಾಳಿಗೆ ತಡೆಯಲಾಗಲಿಲ್ಲ. ಎದ್ದು ನಿಂತಳು.

"ಹುಳವಂತೆ, ನಾಯಿಯಂತೆ. ಕಟ್ಟಳೆ ಮಾಡೋವಾಗ ಎಲ್ಲರೂ ತಲೆ ಆಡಿಸಿದಿರಿ. ಈಗ ಕರುಳು ಹೂಳೋಕೆ ಯಾರಿಗೆ ಸೊಂಟ ಬಗ್ಗುತ್ತೆ? ಗುಂಡಿ ತೋಡೋಕೆ ಸೋಮಾರಿತನ, ಪಟ್ಟಂತ ನೀರಿಗೆ. ತಿನ್ನೋಕೆ ಹಾಕಿದ್ದು ನೀವು. ಹಾಕಿದ ಕಡೆಗೆ ಅದು ಬಂತು. ಬಂದಿದ್ದಕ್ಕೆ ಅದನ್ನ ಕೊಲ್ಲಬೇಕಾ? ಯಾರು ಹಾಕಿದ್ದು, ಗಂಡಸಾಗಿದ್ದರೆ ಎದ್ದು ಹೇಳಿ."

ಯಾರೂ ಏಳಲಿಲ್ಲ. ಯಾರೂ ಎದುರು ಮಾತಾಡಲೂ ಇಲ್ಲ. ರುಬಿನಾ ಬೈದರೆ ತಿರುಗಿ ಬೈಯುವವರು ಸುವೇರಿಯಲ್ಲಿ ಬೇಕಾದಷ್ಟು ಜನ ಇದ್ದರು. ಅವತ್ತು ಎಲ್ಲರೂ ತಮ್ಮ ತಮ್ಮ ಕಾಲಿನ ಬೆರಳು ನೋಡುತ್ತಾ ಕೂತರು. ಅಜ್ಜ ಒಲೋಯಿ ಅಡಿಕೆ ಅಗಿಯುವುದನ್ನೂ ನಿಲ್ಲಿಸಿದ. ಹಿಲ್ಡಾ ಬಾಯಿ ತೆರೆದಳು. ಸೆಲ್ವಿನ್ ಅವಳ ಕಡೆ ಕೈ ಎತ್ತಿದ. ಅವಳು ಬಾಯಿ ಮುಚ್ಚಿದಳು.

ರುಬಿನಾಳಿಗೆ ಇದು ವಿಚಿತ್ರ ಅನ್ನಿಸಿತು. ಜುನೀಟಾಳನ್ನು ಹತ್ತಿರ ಕರೆದಳು.

"ನೀನು ಹೇಳು ಪುಟ್ಟಿ. ಅಲ್ಲಿ ಕರುಳು ಬಿದ್ದಿತ್ತಾ? ನಾಯಿ ಇತ್ತಾ?"

"ಇಲ್ಲ ಅತ್ತೆ. ಏನೂ ಇರಲಿಲ್ಲ."

"ಮತ್ತೆ ಏನು ಮಾಡ್ತಿದ್ದೆ?"

"ಮನೆ ಆಟ. ಪಾತ್ರೆ ಬೆಳಗಿ ಆಯ್ತು. ಆಮೇಲೆ ನಿನ್ನ ಥರ ಮಾವನ್ನ ಊಟಕ್ಕೆ ಕರೆದೆ." ಹುಡುಗಿ ನೆಲದ ಮೇಲೆ ಬಿದ್ದಿದ್ದ ತೆಂಗಿನ ಕರಟ ಎತ್ತಿ ಕಲ್ಲಿಗೆ ಬಡಿದು ತೋರಿಸಿದಳು. ಟೊಕ್. ಟೊಕ್ ಟೊಕ್. "ಹಿಂಗೆ. ಆಗ ಬಂತು."

ಕರಟದ ಸದ್ದು ಅಷ್ಟು ದೊಡ್ಡದೇನಲ್ಲ. ಆದರೆ ಆ ಮರದ ಕೆಳಗೆ ಕೂತಿದ್ದ ಒಬ್ಬೊಬ್ಬರ ಮುಖದಲ್ಲೂ ರುಬಿನಾ ಅದನ್ನು ಕಂಡಳು. ಇವರಿಗೆಲ್ಲ ಗೊತ್ತಿತ್ತು. ಇವತ್ತು ಗೊತ್ತಾದದ್ದಲ್ಲ, ಮೊದಲಿನಿಂದಲೂ ಗೊತ್ತಿತ್ತು. ಮೂರು ವರ್ಷದಿಂದ ದಿನಾ ಸಂಜೆ ಊರಿಗೆ ಊರೇ ಆ ಬಡಿತ ಕೇಳಿದೆ. ಕರುಳಿನ ಮಾತು, ನಾಯಿಯ ಮಾತು, ಗೂಟದ ಮಾತು ಎಲ್ಲ ಆ ಒಂದು ಮಾತನ್ನು ಸುತ್ತಿ ಹೋಗುವ ದಾರಿ.

"ಎಲ್ಲರಿಗೂ ಗೊತ್ತಿತ್ತು" ಎಂದಳು. ಅವಳ ದನಿ ಮೊದಲಿನಂತೆ ಇರಲಿಲ್ಲ. "ಒಬ್ಬರೂ ಹೇಳಲಿಲ್ಲ."

ಅಜ್ಜ ಒಲೋಯಿ ಕೆಂಪು ಉಗುಳಿ ಬಾಯಿ ಒರೆಸಿಕೊಂಡ. "ಹೇಗೆ ಹೇಳೋದು ಮಗಳೇ? ಇಡೋ ಪಾಲನ್ನ ಇಟ್ಟವರೇ ನಿಲ್ಲಿಸಬೇಕು. ಗಂಡನಿಗೆ ಊಟ ಹಾಕ್ತಿರೋ ಹೆಂಗಸಿನ ಕೈ ಹಿಡಿದು ಹಾಕಬೇಡ ಅನ್ನೋಕೆ ನಮ್ಮಲ್ಲಿ ಯಾರಿಗೂ ಬಾಯಿಲ್ಲ. ಬಾಯಿ ಇರೋದು ನಿನಗೊಬ್ಬಳಿಗೇ."

ಯಾರೋ ಹಿಂದೆ ಕಿಸಕ್ಕನೆ ನಕ್ಕರು. ರುಬಿನಾ ನಗಲಿಲ್ಲ, ಬೈಯಲೂ ಇಲ್ಲ. ಹಿಲ್ಡಾ ಮಗಳನ್ನು ತೊಡೆಯ ಮೇಲೆ ಎಳೆದುಕೊಂಡು ಕಣ್ಣು ಒರೆಸಿಕೊಳ್ಳುತ್ತಿದ್ದಳು.

"ಅವನು ನನಗೂ ಅಣ್ಣ, ಅತ್ತಿಗೆ" ಎಂದಳು. "ನೀನು ಬಡಿದಾಗೆಲ್ಲ ನಾನೂ ನೀರಿನ ಕಡೆ ನೋಡ್ತಿದ್ದೆ. ಆದರೆ ಇವಳ ಕೈ ನೋಡು."

ರುಬಿನಾ ಸೆಲ್ವಿನ್ ಕಡೆ ತಿರುಗಿದಳು. "ಭಾವ, ಅದನ್ನ ಹೊಡೆಯೋಕೆ ಪೊಲೀಸರನ್ನ ಕರೆಸಬೇಡಿ. ಇವತ್ತಿನಿಂದ ಬಡಿಯಲ್ಲ, ಹಾಕಲ್ಲ. ಅದು ಆ ದಡಕ್ಕೆ ಹೋಗುತ್ತೆ."

"ಹೋಗದಿದ್ದರೆ?"

ಅಮಾವಾಸ್ಯೆಯವರೆಗೆ ನೋಡುವುದೆಂದು ತೀರ್ಮಾನವಾಯಿತು. ಅಲ್ಲಿಯವರೆಗೆ ಆ ಜಾಗದಲ್ಲಿ ಯಾರೂ ನೀರಿಗೆ ಇಳಿಯುವಂತಿಲ್ಲ, ಗಂಡಸರು ಸರದಿಯ ಮೇಲೆ ಕಾಯಬೇಕು. ಆಮೇಲೂ ಮೋಟುಬಾಲ ಈ ದಡಕ್ಕೆ ಬಂದರೆ ಆವುಕಿ ಪಟ್ಟಣದಿಂದ ಬಂದೂಕಿನ ಪೊಲೀಸರು ಬರುತ್ತಾರೆ. ಆಗ ರುಬಿನಾ ಅಡ್ಡ ನಿಲ್ಲುವಂತಿಲ್ಲ.

ಅವತ್ತು ಸಂಜೆ ಸುವೇರಿಯ ಲೆಕ್ಕವೆಲ್ಲ ತಪ್ಪಿತು. ಉಪದೇಶಿ ಸಂಜೆಯ ಗಂಟೆ ಬಡಿಯುವುದು ಮರೆತ. ಹಿಲ್ಡಾಳ ಗೆಣಸು ತಳ ಹಿಡಿಯಿತು. ರುಬಿನಾಳ ಬಡಿತ ಕೇಳಿದ ಮೇಲೆ ಒಲೆಯಿಂದ ಇಳಿಸುವುದು ಅವಳಿಗೆ ರೂಢಿಯಾಗಿಹೋಗಿತ್ತು.

ರುಬಿನಾ ಕೋಲನ್ನು ಮಾಡಿನ ಗರಿಯೊಳಗೆ ಸಿಕ್ಕಿಸಿಟ್ಟು ದಡದ ಮೇಲೆ ಎತ್ತರದ ಜಾಗದಲ್ಲಿ ಕೂತಿದ್ದಳು. ಮೊಸಳೆ ಬಂತು. ಸದ್ದಿಲ್ಲದೆಯೂ ಅದಕ್ಕೆ ಹೊತ್ತು ಗೊತ್ತಿತ್ತು. ಕಂಬದ ಹತ್ತಿರ ಮೂತಿ ತಂದು ನಿಲ್ಲಿಸಿ ಕಾದಿತು. ಅವಳು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಅವುಗಳ ಮೇಲೆ ಕೂತಳು. ಹೋಗು ಎಂದು ಮನಸ್ಸಿನಲ್ಲೇ ಅಂದುಕೊಂಡಳು. ಅದು ಸ್ವಲ್ಪ ಹಿಂದೆ ಸರಿದ ಕೂಡಲೇ ಕುತ್ತಿಗೆ ಉದ್ದ ಮಾಡಿ ನೋಡಿದಳು. ಹೋಗೇಬಿಟ್ಟಿತೇ?

ಮರುದಿನವೂ ಬಂತು. ಅದರ ಮರುದಿನವೂ ಬಂತು. ಕಾಯುವ ಸರದಿ ಸೆಲ್ವಿನ್‌ನದು ಬಂದಾಗ ಅವನು ಈಟಿ ಹಿಡಿದು ಅವಳಿಂದ ದೂರದಲ್ಲಿ, ಅವಳಿಗೆ ಬೆನ್ನು ಹಾಕಿ ಕೂತ. ತಮ್ಮನ ಹೆಂಡತಿಯ ಮುಖ ನೋಡಿ ಮಾತಾಡುವ ರೂಢಿಯಿಲ್ಲ.

"ಹೋಯ್ತಾ?" ಎಂದು ಕೇಳಿದ.

"ಇಲ್ಲ."

"ಅವನೂ ಹಾಗೇ. ಎದ್ದು ಹೋಗೋ ಹೊತ್ತಾಯ್ತು ಅಂದರೆ ಇನ್ನೊಂದು ಅಡಿಕೆ ಹಾಕ್ಕೊಳ್ತಿದ್ದ."

ರುಬಿನಾಳಿಗೆ ನಗು ಬಂತು. ನಗು ಅರ್ಧಕ್ಕೆ ಬೇರೆ ಏನೋ ಆಯಿತು. ಸೆಲ್ವಿನ್ ಬೆನ್ನು ತಿರುಗಿಸಿಕೊಂಡೇ ಇದ್ದದ್ದು ಒಳ್ಳೆಯದಾಯಿತು.

"ಭಾವ, ಅವನಿಗೊಂದು ಗೋರಿ ಇದ್ದಿದ್ದರೆ ನಾನು ಇಲ್ಲಿಗೆ ಬರ್ತಿರಲಿಲ್ಲ."

"ಚರ್ಚಿನ ಹಿಂದೆ ಕಲ್ಲು ಜೋಡಿಸಿ ಕೊಡ್ತೀವಿ. ಹವಳದ ಕಲ್ಲು, ಎಲ್ಲರೂ ತರ್ತಾರೆ."

"ಕೆಳಗೆ ಏನು ಹೂಳ್ತೀರಿ? ಏಡಿ ಬುಟ್ಟಿನಾ? ಬೇಡ. ಖಾಲಿ ಕಲ್ಲಿನ ಮುಂದೆ ಕೂತು ನಾನು ಯಾರ ಜೊತೆ ಮಾತಾಡಲಿ? ಇಲ್ಲಿ ಕಣ್ಣಾದರೂ ಬಿಟ್ಟು ನೋಡುತ್ತೆ."

ಸೆಲ್ವಿನ್ ಈಟಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡ. ಚಂದ್ರ ದಿನದಿನಕ್ಕೂ ಸಣ್ಣಗಾಗುತ್ತಾ ಬಂದ. ಮೊಸಳೆ ಒಂದು ಸಂಜೆ ತಪ್ಪಿಸಿದರೆ ಇನ್ನೊಂದು ಸಂಜೆ ಬರುತ್ತಿತ್ತು. ತಪ್ಪಿಸಿದ ದಿನ ರುಬಿನಾ ಸಿಡುಕುತ್ತಾ ತಿರುಗುತ್ತಿದ್ದಳು. ಬಂದ ದಿನ ಉಣ್ಣದೆ ಮಲಗುತ್ತಿದ್ದಳು.

ಅಮಾವಾಸ್ಯೆಯ ಹಿಂದಿನ ದಿನ ಹಿಲ್ಡಾಳ ಗಂಡ ದೊಡ್ಡ ಮೀನು ತಂದ. ಹಿಲ್ಡಾ ಅದರ ತಲೆಯನ್ನು ಎಲೆಯಲ್ಲಿ ಸುತ್ತಿಕೊಂಡು ಬಂದು ಅತ್ತಿಗೆಯ ಒಲೆಯ ಪಕ್ಕ ಇಟ್ಟಳು. ಜಗಳದ ದಿನದಿಂದ ಅವಳು ಆ ಮನೆಯ ಮೆಟ್ಟಿಲು ಹತ್ತಿದ್ದು ಅದೇ ಮೊದಲು.

ರುಬಿನಾ ತಲೆಯನ್ನು ತೆಂಗಿನ ಹಾಲಿನಲ್ಲಿ ಬೇಯಿಸಿದಳು. ಕೈ ತನ್ನ ಪಾಡಿಗೆ ತಾನು ಮಾಡನ್ನು ತಡಕಿ ಕೋಲು ತೆಗೆಯಿತು. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಫಿಯುನ ಬಟ್ಟಲು. ಇಷ್ಟು ದಿನ ಕಾದಿದೆ, ಪಾಪ. ಇದೊಂದು ಸಲ. ನಾಳೆ ಹೇಗೂ ಬಂದೂಕಿನವರಿಗೆ ಹೇಳಿ ಕಳಿಸುತ್ತಾರೆ, ಹೊಟ್ಟೆ ತುಂಬಿಕೊಂಡಾದರೂ ಹೋಗಲಿ. ಹಾಗಂದುಕೊಂಡೇ ಇಳಿದಳು. ಕಾಯುವ ಸರದಿಯವನು ಇನ್ನೂ ಬಂದಿರಲಿಲ್ಲ.

ಅದು ಅಲ್ಲಿತ್ತು. ಬಟ್ಟಲಿನ ವಾಸನೆಗೆ ಮೂತಿ ಒಂದಿಷ್ಟು ಮೇಲಕ್ಕೆ ಎದ್ದಿತು. ಆಚೆ ದಡದಲ್ಲಿ ಕಾಂಡ್ಲಾ ಕಾಡು ಕಪ್ಪಾಗುತ್ತಿತ್ತು, ಗರಿ ಕಟ್ಟಿದ ಕೋಲುಗಳು ಇನ್ನೂ ಕಾಣುತ್ತಿದ್ದವು. ಆ ಕಾಡು ಅದರ ಮನೆ. ಊರು ಅದಕ್ಕೆ ಬಿಟ್ಟುಕೊಟ್ಟದ್ದು. ಅಲ್ಲಿ ಅದಕ್ಕೆ ಬೇಕಾದಷ್ಟು ಮೀನಿದೆ, ಯಾರೂ ಈಟಿ ಎತ್ತುವುದಿಲ್ಲ. ಅಲ್ಲಿಂದ ಅದನ್ನು ಎಳೆದು ಎಳೆದು ಈ ದಡದ ಸಾವಿಗೆ ತಂದು ನಿಲ್ಲಿಸಿದ್ದು ಈ ಕೋಲು, ಈ ಬಟ್ಟಲು. ಫಿಯುನನ್ನು ಇನ್ನೊಂದು ಸಲ ಕೊಲ್ಲಬೇಡಿ ಎಂದು ಊರಿಗೆ ಅಡ್ಡ ನಿಂತವಳು ತಾನೇ.

ರುಬಿನಾ ಕೋಲನ್ನು ಮೊಣಕಾಲಿಗೆ ಒತ್ತಿ ಮುರಿದಳು. ಎತ್ತರದ ಜಾಗಕ್ಕೆ ಹಿಂದೆ ಸರಿದು ಕೂತು, ಬಟ್ಟಲನ್ನು ಮಡಿಲಿಗೆ ಇಟ್ಟುಕೊಂಡು ಉಣ್ಣತೊಡಗಿದಳು. ಮದುವೆಯಾದಾಗಿನಿಂದ ಮೀನಿನ ತಲೆ ಅವಳು ತಿಂದವಳಲ್ಲ, ಅದು ಅವನ ಪಾಲು. ಕೆನ್ನೆಯ ಮಾಂಸ ಬಿಡಿಸಿದಳು. ಕಣ್ಣು ತಿಂದಳು. ಮೂಳೆ ಚೀಪಿದಳು. ಇಷ್ಟು ರುಚಿಯೇ ಇದು, ಕಳ್ಳ, ಒಂದು ದಿನವೂ ನನಗೆ ಕೊಡಲಿಲ್ಲವಲ್ಲ ಎಂದು ಬೈದಳು. ಕಣ್ಣೀರು ಬಟ್ಟಲಿಗೆ ಬಿತ್ತು. ಅಷ್ಟೂ ಉಂಡಳು. ಮೂಳೆಯನ್ನು ಎಲೆಯಲ್ಲಿ ಸುತ್ತಿ ಗುಂಡಿಗೆ ಹಾಕಲು ಪಕ್ಕಕ್ಕಿಟ್ಟು, ಬಟ್ಟಲನ್ನು ಕಂಬದ ಕಡೆ ಬೋರಲು ಹಾಕಿದಳು.

"ಮುಗೀತು. ಏನಿಲ್ಲ ಇಲ್ಲಿ. ಮನೆಗೆ ಹೋಗು."

ಮೊಸಳೆ ಇನ್ನೂ ಸ್ವಲ್ಪ ಹೊತ್ತು ಇತ್ತು. ಆಮೇಲೆ ಮೂತಿ ತಿರುಗಿತು. ತುಂಡು ಬಾಲ ನಿಧಾನವಾಗಿ ಒಂದು ಸಲ ಈ ಕಡೆ, ಒಂದು ಸಲ ಆ ಕಡೆ ಆಡಿತು. ಕಂದು ನೀರಿನ ನಡುವೆ ಒಂದು ಗೆರೆ ಆ ದಡದವರೆಗೂ ಹೋಯಿತು. ಗೆರೆ ಅಳಿಸುವವರೆಗೆ ಅವಳು ನೋಡಿದಳು.

ಅಮಾವಾಸ್ಯೆಯ ಸಂಜೆ ಗಂಡಸರೆಲ್ಲ ದಡದಲ್ಲಿ ನಿಂತಿದ್ದರು. ಬರಲಿಲ್ಲ. ಮಾರನೆಯ ಸಂಜೆ ಬರಲಿಲ್ಲ, ವಾರ ಕಳೆದರೂ ಬರಲಿಲ್ಲ. ಮಳೆ ಶುರುವಾಗುವ ಹೊತ್ತಿಗೆ ಬೇಲಿಗೆ ಹೊಸ ಗೂಟ ಹಾಕಿದರು. ಆ ಕಡೆಯ ಕಾಡಿನ ಕೆಸರಿನಲ್ಲಿ ತುಂಡು ಬಾಲದ ಗುರುತು ಕಂಡೆ ಎಂದು ದೋಣಿಯಿಂದ ನೋಡಿದ ಒಬ್ಬ ಹೇಳಿದ. ರುಬಿನಾ ಅವನನ್ನು ಮನೆಗೆ ಕರೆದು ಅಡಿಕೆ ಕೊಟ್ಟು, ಎಲ್ಲಿ, ಯಾವ ಕಡೆಗೆ ಹೋಗುವ ಗುರುತು, ಹಸಿಯಾಗಿತ್ತಾ ಎಂದು ಎರಡೆರಡು ಸಲ ಕೇಳಿದಳು.

ಈಗಲೂ ಸಂಜೆ ಅವಳು ದಡದ ಮೇಲೆ ಕೂರುತ್ತಾಳೆ. ಜುನೀಟಾ ಪಕ್ಕದಲ್ಲಿ ಕೂತು, "ಅತ್ತೆ, ಮಾವ ಊಟಕ್ಕೆ ಬರಲ್ವಾ ಇನ್ನು?" ಎಂದು ಕೇಳಿದಳು ಒಂದು ದಿನ.

"ಅವನು ಆ ಕಡೇನೇ ಉಣ್ತಾನೆ ಈಗ."

"ಯಾರು ಹಾಕ್ತಾರೆ?"

"ಅವನೇ ಹಾಕ್ಕೊಳ್ತಾನೆ. ಕಲಿತಿದ್ದಾನೆ. ಬಾಯಿ ಮುಚ್ಕೊಂಡು ಕೂತ್ಕೋ, ಕೇಳಿಸಿಕೊಳ್ಳಬೇಕು."

ದಡದ ತುದಿಯ ಮನೆಯಿಂದ ಬಡಿತ ಶುರುವಾಗುತ್ತದೆ. ನಾಲ್ಕು ಬಿರುಸು. ಅದರ ಪಕ್ಕದ್ದು, ಎರಡು ನಿಧಾನ. ದೂರದಲ್ಲಿ ಒಂದು ಹುಟ್ಟು ಮೇಲೆದ್ದು ದೋಣಿ ತಿರುಗುತ್ತದೆ, ಅದರ ಹಿಂದೆ ಇನ್ನೊಂದು. ಹಿಲ್ಡಾ ತನ್ನದನ್ನು ಬಡಿಯುತ್ತಾಳೆ. ಹಿಲ್ಡಾಳ ನಂತರ ಬಡಿಯಬೇಕಾದದ್ದು ರುಬಿನಾ. ಅವಳ ಆಚೆ ಮನೆಯವಳು ಕೋಲು ಎತ್ತಿ ಹಿಡಿದುಕೊಂಡು, ಒಂದು ನಿಧಾನ ಎರಡು ಬಿರುಸಿಗೆ ಬೇಕಾಗುವಷ್ಟು ಹೊತ್ತು ಸುಮ್ಮನೆ ನಿಲ್ಲುತ್ತಾಳೆ. ಹಾಗೆ ಮಾಡು ಎಂದು ಅವಳಿಗೆ ಯಾರೂ ಹೇಳಿಲ್ಲ. ಆ ಹೊತ್ತು ಕಳೆದ ಮೇಲೆ ಅವಳು ತನ್ನದನ್ನು ಬಡಿಯುತ್ತಾಳೆ.